ಹಸಿ ಇಟ್ಟಿಗೆ

ನಾನು ಮದುವೆಯಾಗಿ ಹೋದ ಊರಿನಲ್ಲಿ ಸರ್ಕಾರದ ಸಾಲದಿಂದ ಮನೆ ಕಟ್ಟಿಸಬೇಕೆನ್ನುವವರು ಮೊದಲು ಒಂದು ಇಟ್ಟಿಗೆ ಮಾಡಿಕೊಡಬೇಕಿತ್ತು. ಗಂಡ ಹೆಂಡತಿ ಇಬ್ಬರೂ ಕೂಡಿ ಕೆರೆಯ ಮಣ್ಣು ತುಳಿದು, ಅಚ್ಚಿಗೆ ಒತ್ತಿ, ಆ ಸಾಲ ಕೊಡುವ ಮನೆ ಕಚೇರಿಯ ಹಿತ್ತಲಿನ ಕಟ್ಟೆಯ ಮೇಲೆ ಇಟ್ಟು ಬರಬೇಕು. ಅದು ಒಣಗಿದರೆ ಸಾಲ ಮಂಜೂರು. ಇಬ್ಬರಲ್ಲಿ ಯಾರ ಹೆಸರಿನ ಮೇಲಾದರೂ ಸರ್ಕಾರದ ಹಳೆಯ ಬಾಕಿ ಉಳಿದಿದ್ದರೆ ಮಾತ್ರ ಇಟ್ಟಿಗೆ ಒಣಗುತ್ತಿರಲಿಲ್ಲ. ಬೇಸಿಗೆ ಹೋಗಿ ಮಳೆ ಬರಲಿ, ಮಳೆ ಹೋಗಿ ಚಳಿ ಬರಲಿ, ಒತ್ತಿದರೆ ಬೆರಳಿನ ಗುರುತು ಮೂಡುವಷ್ಟು ಹಸಿಯಾಗಿಯೇ ಇರುತ್ತಿತ್ತು. ಶೆಟ್ಟರ ಅಂಗಡಿಯ ಉದ್ದರಿ, ಬೀಗರಿಂದ ತಂದ ಕೈಗಡ ಇವೆಲ್ಲ ಆ ಮಣ್ಣಿಗೆ ಲೆಕ್ಕಕ್ಕಿರಲಿಲ್ಲ. ಸರ್ಕಾರದ್ದಷ್ಟೇ ಅದಕ್ಕೆ ಗೊತ್ತಾಗುತ್ತಿತ್ತು.

ಊರಿನವರಿಗೆ ಇದರಲ್ಲಿ ಸೋಜಿಗವೇನೂ ಇರಲಿಲ್ಲ. ಹೆಣ್ಣು ನೋಡಲು ಬಂದವರು ಹುಡುಗನ ನೌಕರಿ ಕೇಳಿದ ಹಾಗೆಯೇ ‘ನಿಮ್ಮ ಮನೆಯ ಇಟ್ಟಿಗೆ ಎಷ್ಟು ದಿನಕ್ಕೆ ಒಣಗಿತ್ತು’ ಎಂದೂ ಕೇಳುತ್ತಿದ್ದರು. ಸಂಜೆ ಬಿಸಿಲು ಇಳಿದ ಮೇಲೆ ಕಚೇರಿಯ ಹಿತ್ತಲು ಜನರಿಂದ ತುಂಬುತ್ತಿತ್ತು. ದವಾಖಾನೆಯಲ್ಲಿ ಮಲಗಿದವರನ್ನು ನೋಡಲು ಹೋದಂತೆ ಎಲ್ಲರೂ ತಮ್ಮ ತಮ್ಮ ಇಟ್ಟಿಗೆ ನೋಡಲು ಹೋಗುತ್ತಿದ್ದರು. ಬಾಗಿಲಲ್ಲಿ ಚುರುಮುರಿ ಮಾರುವವನು ಗಾಡಿ ನಿಲ್ಲಿಸಿಕೊಂಡಿರುತ್ತಿದ್ದ. ಒಣಗಿದವರು ಎಲ್ಲರಿಗೂ ಕೊಡಿಸಿ ಹೋಗುತ್ತಿದ್ದರು. ಒಣಗದವರು ತಮ್ಮಷ್ಟಕ್ಕೆ ಒಂದು ಪೊಟ್ಟಣ ತಗೊಂಡು ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದರು, ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಹಾಗೆ ಕೇಳದಿರುವುದು ಆ ಊರಿನ ದೊಡ್ಡತನವಾಗಿತ್ತು. ಈಗ ನಾನಿರುವ ಊರಿನಲ್ಲಿ ಕೇಳದೆ ಬಿಡುವವರೇ ಇಲ್ಲ. ಆ ಸಂಜೆಗಳ ನೆನಪಾದಾಗ ಒದ್ದೆ ಮಣ್ಣಿನ ವಾಸನೆ, ಹಸಿ ಉಳ್ಳಾಗಡ್ಡಿಯ ವಾಸನೆ ಎರಡೂ ಕೂಡಿಯೇ ಮೂಗಿಗೆ ಬರುತ್ತವೆ.

ಆಗ ನಾವು ಭಂಡಾರಿ ಚಾಳದಲ್ಲಿದ್ದೆವು. ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡು ದಾಕ್ಷಾಯಣಿ ಅಕ್ಕನ ಖೋಲಿ. ಆಕೆ ಸಾಲೆಯ ಮಕ್ಕಳ ಸಮವಸ್ತ್ರ, ಹೆಂಗಸರ ಜಂಪರು ಹೊಲಿಯುತ್ತಿದ್ದಳು. ಮಧ್ಯಾಹ್ನ ನನ್ನ ಅಡಿಗೆ ಮುಗಿದ ಮೇಲೆ ನಾನು ಹೋಗಿ ಗುಂಡಿಯ ಕಾಜಾ ಹೊಲಿದುಕೊಡುತ್ತಿದ್ದೆ. ಈಗ ಹೇಳುತ್ತಿರುವುದೆಲ್ಲ ಆಕೆ ಮಿಷನ್ ತುಳಿಯುತ್ತ ನನಗೆ ಹೇಳಿದ್ದು, ಒಂದಿಷ್ಟು ಗೋಡೆಯಾಚೆಯಿಂದ ಕೇಳಿದ್ದು, ಕೊನೆಯದು ನಾನೇ ಕಣ್ಣಾರೆ ಕಂಡದ್ದು.

ದಾಕ್ಷಾಯಣಿ ಅಕ್ಕನ ಮದುವೆ ತಡವಾಗಿ ಆದದ್ದು, ನಲವತ್ತರ ಹತ್ತಿರ. ಗಂಡ ಬಾಳಪ್ಪ ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಮೊದಲ ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಆಕೆಯ ಹೆಸರು ಗೌರವ್ವ ಎಂಬುದೊಂದನ್ನು ಬಿಟ್ಟು ಅವನು ಏನನ್ನೂ ಹೇಳಿರಲಿಲ್ಲ, ಈಕೆಯೂ ಕೇಳಿರಲಿಲ್ಲ. ಅವನು ಮಾತು ಕಡಿಮೆಯ ಮನುಷ್ಯ. ಮದುವೆ ಸುಗ್ಗಿಯಲ್ಲಿ ಊರೂರು ತಿರುಗಿ ಬಂದು, ಕೆಂಪು ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಹೆಂಡತಿ ಹೊಲಿದ ಚಡ್ಡಿಗಳಿಗೆ ಕೂತು ಇಸ್ತ್ರಿ ಮಾಡಿಕೊಡುತ್ತಿದ್ದ. ಚಾಳದ ಹೆಂಗಸರು ನಮ್ಮ ನಮ್ಮ ಗಂಡಂದಿರಿಗೆ ಅವನನ್ನು ತೋರಿಸಿ ಬೈಸಿಕೊಳ್ಳುತ್ತಿದ್ದೆವು.

ಅಕ್ಕನಿಗೆ ಒಂದು ಸ್ವಂತ ಮನೆಯ ಆಸೆ. ಹುಟ್ಟಿದ ಮನೆ ಅಪ್ಪನ ಕಾಯಿಲೆಯಲ್ಲಿ ಹೋಗಿತ್ತು. ಆಮೇಲೆ ಅಣ್ಣನ ಮನೆ, ಆಮೇಲೆ ಬಾಡಿಗೆ ಖೋಲಿಗಳು. “ರುಕ್ಮಾ, ಗ್ವಾಡಿಗೆ ಒಂದು ಮೊಳಿ ಹೊಡಿಬೇಕಂದ್ರ ಇನ್ನೊಬ್ಬರನ್ನ ಕೇಳಬೇಕು ನೋಡು. ಕೇಳಿ ಕೇಳಿ ನನ್ನ ದನಿನ ಸಣ್ಣ ಆಗೇತಿ,” ಎನ್ನುತ್ತಿದ್ದಳು. ಆ ವರ್ಷ ಸರ್ಕಾರದವರು ಕೆರೆಯ ದಂಡೆಗೆ ಹೊಸ ಬಡಾವಣೆ ಮಾಡಿ, ದೀಪಾವಳಿಯೊಳಗೆ ಸಾಲ ಮಂಜೂರಾದವರಿಗೆ ಜಾಗ ಹಂಚುತ್ತೇವೆಂದು ಡಂಗುರ ಸಾರಿದರು. ಅಕ್ಕ ಅಲ್ಲಿಗೆ ಹೋಗಿ, ಬರೀ ಸುಣ್ಣದ ಗೆರೆ ಎಳೆದಿದ್ದ ಬಯಲಿನಲ್ಲಿ ನಿಂತು, ಒಂದು ಗೆರೆಯೊಳಗೆ ಕೂತು ನೋಡಿ ಬಂದಿದ್ದಳು. ಅಲ್ಲಿಂದ ಕೆರೆಯ ನೀರು ಪೂರಾ ಕಾಣುತ್ತಿತ್ತಂತೆ, ನೀರಿನ ಮೇಲೆ ಬೆಳ್ಳಕ್ಕಿಗಳು.

ಇಟ್ಟಿಗೆ ಮಾಡುವ ದಿನ ನಾನೂ ನನ್ನ ಯಜಮಾನರೂ ಹೋಗಿದ್ದೆವು. ಬಾಳಪ್ಪ ಪಂಚೆ ಎತ್ತಿಕಟ್ಟಿ ಬ್ಯಾಂಡಿನ ಹೆಜ್ಜೆಯಲ್ಲೇ ಮಣ್ಣು ತುಳಿದ. ಅಕ್ಕ ಸೀರೆಯ ನೆರಿಗೆ ಸಿಕ್ಕಿಸಿಕೊಂಡು, ಜಾರುವ ಭಯಕ್ಕೆ ಅವನ ಹೆಗಲು ಹಿಡಿದುಕೊಂಡಳು. ಮದುವೆಯಲ್ಲಿ ಸಪ್ತಪದಿಗೂ ಅಷ್ಟು ನಾಚಿರಲಿಕ್ಕಿಲ್ಲ. ಕಚೇರಿಯ ಗುಮಾಸ್ತ ವಾಮನರಾಯರು ಅಚ್ಚು ಎತ್ತಿ, “ಛಲೋ ಬಂದೈತಿ. ಈ ಬಿಸಲಿಗೆ ವಾರ ಸಾಕು,” ಎಂದರು.

ವಾರ ಕಳೆಯಿತು. ಅಕ್ಕಪಕ್ಕದ ಇಟ್ಟಿಗೆಗಳೆಲ್ಲ ಬಿಳಿಚಿಕೊಂಡು ಗಟ್ಟಿಯಾದವು, ಅವುಗಳ ಯಜಮಾನರು ಚುರುಮುರಿ ಹಂಚಿ ಹೋದರು. ಇವರ ಇಟ್ಟಿಗೆ ಅವತ್ತೇ ಅಚ್ಚಿನಿಂದ ಬಿದ್ದಂತೆ ಕಪ್ಪಗೆ ಮಿರುಗುತ್ತಿತ್ತು. ತಿಂಗಳ ಕೊನೆಗೆ ಅದರ ಒಂದು ಮಗ್ಗುಲಿಗೆ ಪಾಚಿ ಕಟ್ಟಿತು. ಅಕ್ಕ ಅದನ್ನು ಸೆರಗಿನ ತುದಿಯಿಂದ ಒರೆಸಿ, ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದಳಂತೆ. ಗಂಡ ಹೆಂಡತಿ ಇಬ್ಬರೂ ಮನೆಗೆ ಬಂದು ಇಟ್ಟಿಗೆಯ ಮಾತು ಬಿಟ್ಟು ಬೇರೆಲ್ಲ ಮಾತಾಡಿದರು. ಗೋಡೆಯಾಚೆ ಅವರ ಮಾತು ಎಂದಿಗಿಂತ ಹೆಚ್ಚಾಗಿದ್ದದ್ದು ಕೇಳಿಯೇ ನನಗೆ ಏನೋ ಸರಿಯಿಲ್ಲ ಎನ್ನಿಸಿತ್ತು.

ಅಕ್ಕನಿಗೆ ಅದು ತನ್ನದೇ ಬಾಕಿ ಎಂದು ಅನುಮಾನ. ಹತ್ತೊಂಬತ್ತರ ಹರೆಯದಲ್ಲಿ ಆಕೆ ನರ್ಸ್ ಆಗಬೇಕೆಂದು ಸರ್ಕಾರದ ವಿದ್ಯಾಸಾಲ ತಗೊಂಡು ದೂರದ ಶಹರಕ್ಕೆ ಹೋಗಿದ್ದಳು. ಎರಡನೆಯ ವರ್ಷ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಬಿಳಿ ಸೀರೆ ಮಡಿಚಿ ಪೆಟ್ಟಿಗೆಯಲ್ಲಿಟ್ಟು ಬಂದವಳು ಮತ್ತೆ ಹೋಗಲಿಲ್ಲ. ಊರವರ ಮೈ ನೋಡಿಕೊಳ್ಳಲು ಕಲಿತದ್ದೆಲ್ಲ ಅಪ್ಪನ ಮೈ ತಿರುವಿ ಹಾಕುವುದಕ್ಕೆ ಖರ್ಚಾಯಿತು. ಸಾಲದ ಮಾತು ಬಂದಾಗ ಅಣ್ಣ ಮಲ್ಲಣ್ಣ, “ಅದನ್ನ ನಾ ನೋಡ್ಕೋತೀನಿ, ನೀ ಸುಮ್ನಿರು,” ಎಂದಿದ್ದ. ಆಕೆ ಸುಮ್ಮನಿದ್ದಳು. ಅವನು ನೋಡಿಕೊಂಡನೋ ಇಲ್ಲವೋ ಎಂದು ಕೇಳುವ ಧೈರ್ಯ ಇಪ್ಪತ್ತು ವರ್ಷ ಬಂದಿರಲಿಲ್ಲ.

ಈಗ ಬಸ್ಸು ಹತ್ತಿ ಅಣ್ಣನ ಊರಿಗೆ ಹೋದಳು. ಮಲ್ಲಣ್ಣ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಮೀಸೆ, ಹುಬ್ಬು ಎಲ್ಲ ಹಿಟ್ಟು. ಆಕೆಯ ಪ್ರಶ್ನೆ ಕೇಳಿ ಬೆಲ್ಟು ನಿಲ್ಲಿಸಿದ.

“ಕಟ್ಟೀನಿ ಅಂತ ಹೇಳಿದ್ನೆಲ್ಲ.”

“ನೋಡ್ಕೋತೀನಿ ಅಂದಿದ್ದಿ. ಕಟ್ಟೀನಿ ಅಂದಿರಲಿಲ್ಲ.”

“ಎರಡೂ ಒಂದ ಅಲ್ಲೇನ?” ಮಲ್ಲಣ್ಣ ಮುಖ ತಿರುಗಿಸಿದ. “ನಿಮ್ಮ ವೈನಿ ಎರಡು ವರ್ಷ ಹೊಸಾ ಸೀರಿ ಉಡಲಿಲ್ಲ, ಅದನ್ಯಾರು ಹೇಳ್ಬೇಕು ನಿನಗ. ನಿನಗ ಹೇಳಬಾರದಂತ ಆಕಿನ ಆಣಿ ಹಾಕಿದ್ಲು.”

ಅಕ್ಕನಿಗೆ ಅರ್ಧ ನಂಬಿಕೆ, ಅರ್ಧ ಅಪನಂಬಿಕೆ. ತಂಗಿಯ ಮನಸ್ಸು ನೋಯಿಸಬಾರದೆಂದು ಅಣ್ಣಂದಿರು ಏನೇನು ಹೇಳುವುದಿಲ್ಲ? ತಿರುಗಿ ಬಂದವಳು ಗಂಡ ಬ್ಯಾಂಡಿಗೆ ಹೋಗಿದ್ದ ದಿನ ನೋಡಿ ಮನೆ ಕಚೇರಿಗೆ ಹೋದಳು. ಒಬ್ಬರೇ ಇಟ್ಟಿಗೆ ಮಾಡುವುದಕ್ಕೂ ಅಲ್ಲಿ ಅವಕಾಶವಿತ್ತು. ವಾಮನರಾಯರು ಮೂಗಿನ ಮೇಲಿನ ಕನ್ನಡಕ ಮೇಲೆ ಸರಿಸಿ, “ಯಜಮಾನರಿಗೆ ಗೊತ್ತೈತೇನವಾ?” ಎಂದರು. ಆಕೆ ಅಚ್ಚಿನ ಕಡೆ ಕೈ ಚಾಚಿದಳು. ಅವರೂ ಮತ್ತೆ ಕೇಳಲಿಲ್ಲ. ಹೆಗಲಿಗೆ ಆಸರೆಯಿಲ್ಲದೆ ಒಬ್ಬಳೇ ಮಣ್ಣು ತುಳಿಯುವಾಗ ಎರಡು ಸಲ ಜಾರಿದಳಂತೆ.

ಆ ಇಟ್ಟಿಗೆ ವಾರದೊಳಗೆ ಒಣಗಿತು. ಬರೀ ಒಣಗಿದ್ದಲ್ಲ, ಬೆರಳ ಗೆಣ್ಣಿನಿಂದ ಬಡಿದರೆ ಠಣ್ಣೆನ್ನುತ್ತಿತ್ತು. ಅಕ್ಕ ಅದನ್ನು ಸೀರೆಯಲ್ಲಿ ಸುತ್ತಿಕೊಂಡು ನೆಟ್ಟಗೆ ನನ್ನ ಮನೆಗೆ ಬಂದಳು. ಒಲೆಯ ಮುಂದೆ ಕೂತಿದ್ದ ನನ್ನ ಮಡಿಲಿಗೇ ಇಟ್ಟು, “ನಮ್ಮ ಅಣ್ಣ ಕಟ್ಟ್ಯಾನ ರುಕ್ಮಾ, ಖರೇನ ಕಟ್ಟ್ಯಾನ!” ಎಂದು ಕೂಸಿನಂತೆ ಅತ್ತಳು. ಇಪ್ಪತ್ತು ವರ್ಷ ಅಣ್ಣನ ಮನೆಯ ಹಂಗಿಗೆ ಅತ್ತಿಗೆಯ ಎದುರು ತಲೆ ತಗ್ಗಿಸಿ ನಡೆದಿದ್ದೆ, ಈಗ ಈ ಋಣಕ್ಕೆ ಕಾಲಿಗೇ ಬೀಳಬೇಕು ಎಂದಳು. ಚಹ ಮಾಡಿಕೊಟ್ಟೆ. ಬಸಿ ತುಟಿಯವರೆಗೆ ಒಯ್ದವಳು ಅಲ್ಲಿಯೇ ತಡೆದಳು. ನಾನು ಅಷ್ಟೊತ್ತಿಗಾಗಲೇ ಯೋಚಿಸಿದ್ದ ಮಾತು ಆಕೆಗೆ ಆಗ ಹೊಳೆಯಿತು. ಈಕೆಯದಲ್ಲ ಎಂದ ಮೇಲೆ ಬಾಕಿ ಯಾರದು?

ಬಾಳಪ್ಪ ಮರುದಿನ ಮಧ್ಯಾಹ್ನ ಬಂದ. ಊಟಕ್ಕೆ ಕೂತಾಗ ಅಕ್ಕ ರೊಟ್ಟಿಯ ಬುಟ್ಟಿಯ ಪಕ್ಕದಲ್ಲಿ ಆ ಇಟ್ಟಿಗೆ ಇಟ್ಟಳು. ಚಾಳದ ಗೋಡೆ ತೆಳುವು, ನಾನು ಈಚೆ ಕಡೆ ಅಕ್ಕಿ ಆರಿಸುತ್ತಿದ್ದೆ.

“ಇದು ನಂದೊಬ್ಬಾಕಿದು,” ಎಂದಳು ಅಕ್ಕ.

“ಗೊತ್ತಾತು.”

“ನಿಮಗ ಮದಲ ಗೊತ್ತಿತ್ತೇನು?”

“ಮಣ್ಣು ತುಳಿಯೂ ಮುಂದನ ಗೊತ್ತಿತ್ತು. ಹೇಳಬೇಕಂತ ಬಾಯಿ ತೆರಿದ್ನಿ. ನೀ ನನ್ನ ಹೆಗಲು ಹಿಡಕೊಂಡಿ. ಆಮ್ಯಾಲ ಬಾಯಿ ಬರಲಿಲ್ಲ.”

ಆಮೇಲೆ ಬಾಳಪ್ಪ ಹೇಳಿದ. ಒಂದೊಂದೇ ಮಾತು, ನಡುನಡುವೆ ಉಸಿರು ತಗೊಂಡು. ಗೌರವ್ವನಿಗೆ ಎದೆಯ ರೋಗ ಬಂದಿತ್ತು. ಹಾಲು, ತುಪ್ಪ ಚೆನ್ನಾಗಿ ಕೊಡಿ ಎಂದಿದ್ದರು ಡಾಕ್ಟರು. ಕೊಂಡು ಕುಡಿಸುವ ಶಕ್ತಿಯಿರಲಿಲ್ಲ. ಸರ್ಕಾರದವರು ಸಾಲದಲ್ಲಿ ಎಮ್ಮೆ ಕೊಡುತ್ತಿದ್ದರು. ಕಿವಿಗೆ ತಗಡಿನ ಬಿಲ್ಲೆ ಹೊಡೆದ ಒಂದು ಎಮ್ಮೆ ಹೊಡೆದುಕೊಂಡು ಬಂದ. ಆಕೆ ಆ ಹಾಲು ಕುಡಿದದ್ದು ಒಂದು ಮಳೆಗಾಲ ಮಾತ್ರ. ಆಕೆ ಹೋದ ಮೇಲೂ ಎಮ್ಮೆ ಹೊತ್ತಿಗೆ ಸರಿಯಾಗಿ ಹಾಲಿಗೆ ಕೂಗುತ್ತಿತ್ತು. ಆ ಕೂಗು ಕೇಳಲಾರದೆ ಎಮ್ಮೆಯನ್ನು ಅತ್ತೆಯ ಮನೆಯಲ್ಲಿ ಕಟ್ಟಿ, ಬ್ಯಾಂಡ್ ಕಂಪನಿಯ ಲಾರಿ ಹತ್ತಿಬಿಟ್ಟ.

“ಸಾಲ ಕಟ್ಟಲಿಕ್ಕೆ ರೊಕ್ಕ ಇರಲಿಲ್ಲಂತಲ್ಲ ದಾಕ್ಷಾಯಣಿ. ಆಮ್ಯಾಲ ಇತ್ತು. ಆದ್ರ ಕೌಂಟರಿನ ಮುಂದ ನಿಂತು ಇದು ಎಮ್ಮಿದು ಅಂತ ಹೆಂಗ ಹೇಳಲಿ? ಹಾಲು ಕುಡಿಯಾಕಿನ ಹ್ವಾದಳು.”

ಆಮೇಲೆ ಅವನೇ, “ನೀ ನಿನ್ನ ಹೆಸರಲೇ ಮನಿ ತಗೋ. ನಾ ಅದರಾಗ ಬಿಡಾರ ಇದ್ದಂಗ ಇರ್ತೀನಿ. ಕೆರಿ ಕಡೀ ಜಾಗಾ ಹೋಗಗೊಡಬ್ಯಾಡ,” ಎಂದ.

ಹಾಗೆ ಮಾಡಿದವರು ಊರಲ್ಲಿ ಬೇಕಾದಷ್ಟಿದ್ದರು. ಗಂಡನ ಇಟ್ಟಿಗೆ ಹಸಿಯಾದರೆ ಹೆಂಡತಿಯ ಹೆಸರು, ಹೆಂಡತಿಯದು ಹಸಿಯಾದರೆ ಗಂಡನ ಹೆಸರು. ಆದರೆ ಅಂಥ ಮನೆಗೆ ಒಂದು ಕಟ್ಟಳೆಯಿತ್ತು. ಯಾರ ಹೆಸರಿಲ್ಲವೋ ಅವರು ವರ್ಷಕ್ಕೊಮ್ಮೆ ಕಚೇರಿಗೆ ಹೋಗಿ, ತಾನು ಈ ಮನೆಯ ಮಾಲೀಕನಲ್ಲ, ಬಿಡಾರವಿರುವವನು ಎಂದು ಹೇಳಿ ಹೆಬ್ಬೆಟ್ಟು ಒತ್ತಿ ಬರಬೇಕು. ಮೊದಲ ವರ್ಷ ನಗುತ್ತ ಹೋಗುತ್ತಿದ್ದರು. ಆಮೇಲೆ ಜಗಳದ ನಡುವೆ ‘ನೀನು ಬಿಡಾರದವನು, ನೆನಪಿಟ್ಟುಕೋ’ ಎಂಬ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತಿತ್ತು. ಅಂಥ ಎರಡು ಮನೆ ನಮ್ಮ ಓಣಿಯಲ್ಲೇ ಇದ್ದವು.

ಮಲ್ಲಣ್ಣ ಬಂದು ಒಬ್ಬಳ ಹೆಸರಿನಲ್ಲೇ ಮಾಡಿಸು ಎಂದ. ನನ್ನ ಯಜಮಾನರೂ ಅದೇ ಶಾಣ್ಯಾತನ ಎಂದರು. ನನಗೂ ಹಾಗೆಯೇ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ. ದೀಪಾವಳಿಗೆ ಇನ್ನೆಷ್ಟು ದಿನ ಇತ್ತು? ಅಕ್ಕ ಯಾರಿಗೂ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಒಂದು ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, “ಗೌರವ್ವನ ತವರಿಗೆ ಹೋಗಿ ಬರ್ತೀನಿ,” ಎಂದು ನನಗೊಬ್ಬಳಿಗೆ ಹೇಳಿ ಹೊರಟಳು. ಯಾಕೆ ಎಂದದ್ದಕ್ಕೆ, “ಗೊತ್ತಿಲ್ಲ. ಆ ಎಮ್ಮಿ ನೋಡ್ಬೇಕಂತ ಆಗೇತಿ,” ಎಂದಳು. ಸತ್ತವಳ ಮೇಲೆ ಆಕೆಗೆ ಹೊಟ್ಟೆಕಿಚ್ಚಿತ್ತೇ? ಇತ್ತು ಎಂದು ಆಮೇಲೆ ತಾನೇ ಒಪ್ಪಿಕೊಂಡಳು. ಅವನು ಒಂದು ಎಮ್ಮೆಯ ಕೂಗಿಗೆ ಊರು ಬಿಟ್ಟು ಹೋಗುವಷ್ಟು ಪ್ರೀತಿ ಮಾಡಿದ್ದನಲ್ಲ ಎಂದು.

ಗೌರವ್ವನ ತಾಯಿ ಸಂಗವ್ವ ಕುಳ್ಳಗಿದ್ದ ಮುದುಕಿ, ಬೆನ್ನು ಬಾಗಿತ್ತು, ದನಿ ಬಾಗಿರಲಿಲ್ಲ. ಹಟ್ಟಿಯಲ್ಲಿ ಸಗಣಿ ಬಳಿಯುತ್ತಿದ್ದವಳು ಈಕೆ ಯಾರೆಂದು ಹೇಳುತ್ತಲೇ ಕೈ ತೊಳೆದುಕೊಂಡು ಬಂದು, ಎರಡೂ ಕೆನ್ನೆ ಸವರಿ ಲಟಿಕೆ ಮುರಿದಳು. ಬೈಗುಳಕ್ಕೋ ಅಳುವಿಗೋ ಸಿದ್ಧಳಾಗಿ ಹೋಗಿದ್ದ ಅಕ್ಕನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ.

“ಆ ಎಮ್ಮಿ ಸತ್ತು ಎಷ್ಟೋ ವರ್ಷ ಆತವ್ವ,” ಎಂದಳು ಸಂಗವ್ವ. “ಇಲ್ಲಿ ಕಟ್ಟೈತೆಲ್ಲ, ಇದು ಅದರ ಮೊಮ್ಮಗಳು. ಇವುಗಳ ಹಾಲು ಮಾರಿ ನಾ ಬದುಕೀನಿ. ಯಾರ ಮುಂದೂ ಕೈ ಚಾಚಿಲ್ಲ.”

ಸರ್ಕಾರದ ಬಾಕಿಯ ಮಾತು ತೆಗೆದಾಗ ಮುದುಕಿ ಹಣೆ ಬಡಿದುಕೊಂಡಳು. ಹಾಲಿನ ದುಡ್ಡು ಗಂಟು ಕಟ್ಟಿಕೊಂಡು ಆಕೆ ಬಾಕಿ ಕಟ್ಟಲು ಹೋಗಿದ್ದಳಂತೆ, ಒಂದಲ್ಲ ಎರಡು ಸಲ. “ಹೆಸರು ನಿಂದಲ್ಲ, ತಗೊಳ್ಳೂದಿಲ್ಲ ಅಂದ್ರು. ಹೆಸರಿದ್ದಂವ ಎಲ್ಲಿ ಅದಾನ ಅಂತ ಕೇಳಿದ್ರು. ನಾ ಏನಂತ ಹೇಳ್ಲಿ? ಮದಿವಿ ಮನ್ಯಾಗ ಊದಾಕತ್ತಾನ ಅಂದೆ. ನಕ್ಕರು.” ಆಮೇಲೆ ಎದ್ದು ಹೋಗಿ ಎಮ್ಮೆಯ ಹಗ್ಗ ಬಿಚ್ಚಿ ತಂದು ಅಕ್ಕನ ಕೈಗೆ ಕೊಡಲು ಬಂದಳು. “ಮಾರಿ ಕಟ್ಟಿಬಿಡ್ರಿ. ನಿಮ್ಮ ಮನಿ ನಿಂದ್ರಬಾರದು ನನ್ನಿಂದ.”

ಅಕ್ಕ ಹಗ್ಗ ಮುಟ್ಟಲಿಲ್ಲ. ಕೆನೆಗಟ್ಟಿದ ಹಾಲು ಕೊಟ್ಟಿದ್ದನ್ನು ಕುಡಿದಳು, ರೊಟ್ಟಿ ಪುಂಡಿಪಲ್ಯೆ ಉಂಡಳು. ಹೊರಡುವ ಮುಂಚೆ, “ನಿಮ್ಮ ಮಗಳು ಹೆಂಗಿದ್ದಳ್ರಿ?” ಎಂದು ಕೇಳಿದಳು.

ಸಂಗವ್ವ ಸ್ವಲ್ಪ ಯೋಚಿಸಿ, “ಸಿಟ್ಟಿನಾಕಿ,” ಎಂದಳು. “ಮಾತು ಬಂತಂದ್ರ ಬಿಡತಿದ್ದಿಲ್ಲ. ಬಾಳಪ್ಪ ಹೆದರತಿದ್ದ.” ಹೇಳಿ ತಾನೇ ನಕ್ಕಳು. ಸತ್ತ ಮಗಳ ಬಗ್ಗೆ ಹಾಗೆ ನಗಬಲ್ಲ ತಾಯಿಯನ್ನು ಅಕ್ಕ ಅದೇ ಮೊದಲು ನೋಡಿದ್ದು. ಬಸ್ಸಿನ ತುಂಬ ಅದನ್ನೇ ನೆನೆಯುತ್ತ ಬಂದಳಂತೆ. ಇಷ್ಟು ದಿನ ಗೌರವ್ವ ಎಂದರೆ ಹೂ ಮುಡಿದ ಒಂದು ಫೋಟೋದ ಹಾಗೆ ಕಾಣುತ್ತಿದ್ದಳು. ಈಗ ಜಗಳಗಂಟಿ ಗೆಳತಿಯ ಹಾಗೆ ಕಾಣತೊಡಗಿದ್ದಳು.

ಮನೆಗೆ ಬಂದು ಸೀರೆಯನ್ನೂ ಬದಲಿಸದೆ ಗಂಡನಿಗೆ ಹೇಳಿದಳು, “ನನಗ ಬಿಡಾರ ಸಾಕಾಗೇದ. ನಾ ಇದ್ದದ್ದೂ ಸಾಕು, ಇನ್ನೊಬ್ಬರನ್ನ ಇಟ್ಟುಕೊಳ್ಳೂದೂ ಬ್ಯಾಡ. ನಾಳಿ ಕಚೇರಿಗೆ ಹೋಗೂಣ. ಎಮ್ಮಿದು ಅಂತ ನಾ ಹೇಳ್ತೀನಿ, ನೀವು ಬರೇ ಬಾಜು ನಿಂದರ್ರಿ.”

“ಕೆರಿ ಜಾಗಾ?”

“ಹೋದ್ರ ಹೋಗಲಿ,” ಎಂದಳು. ಹೇಳಿದ ಮೇಲೆ ಹೊರಗೆ ಬಂದು ನಳದ ಹತ್ತಿರ ಕೂತು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ನಾನು ನೋಡಿದರೂ ನೋಡದ ಹಾಗೆ ಒಳಗೆ ಹೋದೆ.

ವಾಮನರಾಯರು ಎಲ್ಲ ಕೇಳಿಸಿಕೊಂಡು ದಾರಿ ಹೇಳಿದರು. ಹಳೆಯ ಬಾಕಿಯನ್ನು ಕಂತಿನಲ್ಲಿ ಕಟ್ಟುತ್ತೇನೆಂದು ಒಪ್ಪಿ, ತಪ್ಪದೆ ಕಟ್ಟುತ್ತ ಹೋದರೆ ಇಟ್ಟಿಗೆ ಅಂಚಿನಿಂದ ಒಣಗುತ್ತ ಬರುತ್ತದೆ. ಪೂರ್ತಿ ತೀರುವ ತನಕ ಕಾಯಬೇಕಿಲ್ಲ, ಎತ್ತಿ ಹಿಡಿದಾಗ ಬಾಗದಿದ್ದರೆ ಸಾಕು, ಮನೆಯ ಸಾಲಕ್ಕೆ ಅಡ್ಡಿಯಿಲ್ಲ. ನಡುವೆ ಕಂತು ತಪ್ಪಿದರೆ ಮಾತ್ರ ಒಣಗಿದ್ದೂ ಮತ್ತೆ ಹಸಿಯಾಗುತ್ತದೆ. “ಆದ್ರ ಈ ದೀಪಾವಳಿಗಂತೂ ಆಗಂಗಿಲ್ಲವ್ವ,” ಎಂದು ಅವರೇ ಮುಖ ಸಣ್ಣ ಮಾಡಿದರು. ಮೊದಲ ಕಂತು ಕಟ್ಟುವಾಗ ಕೌಂಟರಿನವನು ಇದು ಯಾತರದು ಎಂದ. ಅಕ್ಕ ಬಾಯಿ ತೆರೆಯುವುದರೊಳಗೆ ಬಾಳಪ್ಪ, “ಎಮ್ಮಿದು. ನನ್ನ ಹೆಂಡ್ತಿ ಗೌರವ್ವಗ ತಂದಿದ್ದು,” ಎಂದನಂತೆ. ಎಲ್ಲೂ ತಡವರಿಸದೆ ಪೂರಾ ಅಂದ ಎಂದು ಅಕ್ಕ ಮಿಷನ್ ತುಳಿಯುವುದನ್ನು ನಿಲ್ಲಿಸಿ ನನಗೆ ಹೇಳಿದಳು.

ದೀಪಾವಳಿಗೆ ಕೆರೆಯ ದಂಡೆಯ ಜಾಗಗಳು ಹಂಚಿಹೋದವು. ಅಕ್ಕ ಕೂತು ಬಂದಿದ್ದ ಸುಣ್ಣದ ಗೆರೆಯೊಳಗೆ ಅಂಚೆ ಮಾಸ್ತರರ ಮನೆ ಎದ್ದಿತು. ಆ ಕಡೆಗಿನ ದಾರಿಯನ್ನೇ ಆಕೆ ಬಿಟ್ಟುಬಿಟ್ಟಳು. ಹಾಲು ತರಲಿಕ್ಕೆ ಕೂಡ ಸುತ್ತು ಹಾಕಿ ಹೋಗುತ್ತಿದ್ದಳು. ಆಗ ಇಬ್ಬರೂ ದುಡಿದ ಹಾಗೆ ನಾನು ಯಾರನ್ನೂ ಕಂಡಿಲ್ಲ. ಬಾಳಪ್ಪ ಮದುವೆಯಿಲ್ಲದ ದಿನಗಳಲ್ಲಿ ಸಾಲೆಯ ಹುಡುಗರಿಗೆ ಕವಾಯತಿನ ಬಾಜಾ ಕಲಿಸಿದ. ಅಕ್ಕ ಮಿಷನ್ನಿನ ಮೇಲೆ ತಲೆಯಿಟ್ಟು ನಿದ್ದೆ ಮಾಡಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ಆ ಖೋಲಿಯಲ್ಲಿ ಮಾತು ಹುಟ್ಟಿತ್ತು. ಬಾಳಪ್ಪ ಗೌರವ್ವನ ಬಗ್ಗೆ ಹೇಳುತ್ತಿದ್ದ, ಅಕ್ಕ ತನ್ನ ನರ್ಸಿಂಗ್ ಸಾಲೆಯ ಬಗ್ಗೆ ಹೇಳುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ಭಾನುವಾರ ಸಂಜೆ ಕಚೇರಿಯ ಹಿತ್ತಲಿಗೆ ಹೋಗಿ ಇಟ್ಟಿಗೆ ನೋಡಿ ಬರುತ್ತಿದ್ದರು. ಮೊದಲು ನಾಲ್ಕು ಮೂಲೆ ಬೆಳ್ಳಗಾದವು, ಆಮೇಲೆ ಅಂಚು, ಆಮೇಲೆ ಮೇಲ್ಮೈ. ಎರಡನೆಯ ಬೇಸಿಗೆಯಲ್ಲಿ ವಾಮನರಾಯರು ಅದನ್ನು ಒಂದು ತುದಿಯಿಂದ ಹಿಡಿದು ಎತ್ತಿದರು. ಬಾಗಲಿಲ್ಲ. ಬಾಳಪ್ಪ ಚುರುಮುರಿಯವನ ಇಡೀ ಗಾಡಿಯನ್ನೇ ಕೊಂಡುಕೊಂಡ.

ಸಿಕ್ಕ ಜಾಗ ಗೂಡ್ಸ್ ಯಾರ್ಡಿನ ಹಿಂದೆ. ಹಗಲೆಲ್ಲ ಡಬ್ಬಿಗಳನ್ನು ಜೋಡಿಸುವ, ಬಿಡಿಸುವ ಸಪ್ಪಳ, ಕಲ್ಲಿದ್ದಲ ಧೂಳು. ಎರಡು ಕೋಣೆ, ಒಂದು ಅಡಿಗೆಮನೆ, ಮುಂದೆ ಕಟ್ಟೆ. ಪ್ರವೇಶದ ದಿನ ಪೂಜೆಗೆ ಬಂದ ಅಯ್ಯನವರು, ಮೊದಲು ಆಕಳನ್ನು ಹೊಗಿಸಬೇಕು, ಎಲ್ಲಿದೆ ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ಓಣಿಯ ಕಡೆಯಿಂದ ಸಂಗವ್ವ ಬಂದಳು. ಕೊಂಬಿಗೆ ಬಣ್ಣ ಹಚ್ಚಿದ ಎಮ್ಮೆ ಅವಳ ಹಿಂದೆ. ಊರಿನಿಂದ ನಡೆಸಿಕೊಂಡೇ ಬಂದಿದ್ದಳು.

“ಎಮ್ಮಿ ಒಳಗ ಹೋಗೂದಲ್ಲವ್ವ, ಆಕಳ ಹೋಗಬೇಕು,” ಎಂದರು ಅಯ್ಯನವರು.

“ಈ ಮನಿಗೆ ಇದ ಹಿರಿಯಾಕಿ ಅಜ್ಜಾರ,” ಎಂದಳು ದಾಕ್ಷಾಯಣಿ ಅಕ್ಕ. “ಹಾದಿ ಬಿಡ್ರಿ.”

ಎಮ್ಮೆ ಹೊಸಿಲು ದಾಟಿ ಒಳಗೆ ಬಂದು, ಅಲ್ಲಿಯೇ ನಡುಮನೆಯಲ್ಲಿ ಸಗಣಿ ಹಾಕಿತು. ನಾವು ಹೆಂಗಸರೆಲ್ಲ ಸೆರಗು ಬಾಯಿಗೊತ್ತಿ ನಕ್ಕೆವು. ಅಯ್ಯನವರೂ ನಕ್ಕು ಮಂತ್ರ ಮುಂದುವರಿಸಿದರು.

ಊಟಕ್ಕೆ ಎಲ್ಲರೂ ಸಾಲಾಗಿ ಕೂತಿದ್ದೆವು. ಮಲ್ಲಣ್ಣ, ಅವನ ಹೆಂಡತಿ, ಬ್ಯಾಂಡಿನವರು, ಚಾಳದವರು, ವಾಮನರಾಯರು. ಬಾಳಪ್ಪ ಗೋಡೆಗೆ ಒರಗಿ ಸುತ್ತ ನೋಡುತ್ತ, ಯಾರಿಗೆ ಎಂದಿಲ್ಲದೆ, “ಗೌರವ್ವಗೂ ಮನಿ ಅಂದ್ರ ಭಾಳ ಆಸೆ ಇತ್ತು,” ಎಂದ. ಹೊಸ ಮನೆಯಲ್ಲಿ ಸತ್ತ ಸವತಿಯ ಹೆಸರು ತೆಗೆದನಲ್ಲ ಎಂದು ಮಲ್ಲಣ್ಣನ ಹೆಂಡತಿ ತಟ್ಟೆ ನೋಡತೊಡಗಿದಳು. ಅಕ್ಕ ಹೋಳಿಗೆ ಬಡಿಸುತ್ತಿದ್ದವಳು ನಿಲ್ಲದೆ, “ಎಂಥಾ ಮನಿ ಬೇಕಿತ್ತಂತ ಆಕಿಗೆ?” ಎಂದು ಕೇಳಿದಳು.

“ಕಿಡಕಿ ದೊಡ್ಡದಿರಬೇಕಂತಿದ್ಲು. ಕೂತು ಹಾದ್ಯಾಗಿನವರನ್ನ ಮಾತಾಡಿಸೂವಷ್ಟು.”

ಅಕ್ಕ ಬುಟ್ಟಿ ಕೆಳಗಿಟ್ಟು ಗೋಡೆಯ ಕಡೆ ತಿರುಗಿದಳು. ಅಲ್ಲಿ ಒಂದು ಮೊಳದ ಕಿಟಕಿ. “ಮದಲ ಹೇಳಬಾರದೇನ್ರಿ?” ಎಂದಳು, ನಿಜವಾಗಿಯೂ ಸಿಟ್ಟಾಗಿ. “ಗ್ವಾಡಿ ಎಬ್ಬಸೂ ಮದಲ ಹೇಳಬೇಕೋ ಬ್ಯಾಡೋ? ಈಗ ಒಡಿಬೇಕಾದ್ರ ಎಷ್ಟು ಕೆಲಸ!” ಸಂಗವ್ವ ಮೊದಲು ನಕ್ಕಳು, ಆಮೇಲೆ ಇಡೀ ಪಂಕ್ತಿ ನಕ್ಕಿತು.

ಗೋಡೆ ಒಡೆಸಿದಳು. ಮಳೆಗಾಲದ ಮುಂಚೆಯೇ ಅಲ್ಲಿ ಇಬ್ಬರು ಕೂಡುವಷ್ಟು ಅಗಲದ ಕಿಟಕಿ ಬಂತು. ಮುಂದೆ ನನ್ನ ಯಜಮಾನರಿಗೆ ವರ್ಗವಾಗಿ ನಾವು ಆ ಊರು ಬಿಟ್ಟೆವು. ಬಿಡುವ ಹಿಂದಿನ ಮಧ್ಯಾಹ್ನ ನಾನು, ಅಕ್ಕ ಆ ಕಿಟಕಿಯಲ್ಲಿ ಕಾಲು ಚಾಚಿ ಕೂತು ಸುಟ್ಟ ಶೇಂಗಾ ತಿಂದೆವು. ಎದುರಿಗೆ ಕಾಣುತ್ತಿದ್ದದ್ದು ನಿಂತ ಗೂಡ್ಸ್ ಡಬ್ಬಿಗಳು, ಅವುಗಳ ಮೇಲೆ ಕೂತ ಕಾಗೆಗಳು, ಅಷ್ಟೇ.

“ಕೆರಿ ಕಾಣ್ತಿದ್ರ ಛಲೋ ಇತ್ತು ರುಕ್ಮಾ,” ಎಂದಳು ಅಕ್ಕ. ನಾನು ಸಮಾಧಾನ ಹೇಳಲು ಹೋದೆ. “ಇಲ್ಲ, ಖರೇನ. ಭಾಳ ಛಲೋ ಇತ್ತು,” ಎಂದು ನನ್ನ ಬಾಯಿ ಮುಚ್ಚಿಸಿದಳು. ಅಷ್ಟರಲ್ಲಿ ಹಳಿಯ ಪಕ್ಕದ ದಾರಿಯಲ್ಲಿ, ಕೆಂಪು ಕೋಟು ಹೆಗಲಿಗೆ ಹಾಕಿಕೊಂಡು, ಧೂಳು ತುಳಿಯುತ್ತ ಬಾಳಪ್ಪ ಬರುವುದು ಕಾಣಿಸಿತು. ಅಕ್ಕ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ಹಾದಿಯ ಜನರೆಲ್ಲ ತಿರುಗಿ ನೋಡುವಷ್ಟು ದೊಡ್ಡ ದನಿಯಲ್ಲಿ, “ಲಗೂನ ಬರ್ರಿ, ರುಕ್ಮಾ ಹೊಂಟಾಳ!” ಎಂದು ಕೂಗಿದಳು.